ಗಡಿಕಲ್ಲಿನ ಆ ಕಡಿ

ಭಾಂಡುಪ್, ಮುಂಬಯಿ
೧೯ ಜೂನ್ ೧೯೬೯

ಅಣ್ಣ ಅಣವೀರಪ್ಪಗ ತಂಗಿ ರುದ್ರವ್ವನ ಶರಣು.

ಅಣ್ಣಾ, ಇವರನ್ನ ಪೊಲೀಸರು ಹಿಡಕೊಂಡು ಹೋದರು. ಮೊನ್ನೆ ಮಂಗಳವಾರ ಮೊದಲ ಪಾಳಿ ಬಿಡೂ ಹೊತ್ತಿಗೆ ಕಾರಖಾನಿ ಗೇಟಿನಾಗ ನಾಕು ಮಂದಿ ನಿಂತಿದ್ದರಂತ. ಇಬ್ಬರು ಇಲ್ಲಿಯವರು, ಇಬ್ಬರು ನಮ್ಮ ಕಡೆಯವರು. "ಮುರಿಗೆಪ್ಪ ಅಂದ್ರ ನೀನೇನು?" ಅಂತ ಕನ್ನಡದಾಗ ಕೇಳಿದರಂತ. ಇವರು ಹೌದು ಅಂದು, ಕೈಯಾಗಿನ ಊಟದ ಡಬ್ಬಿ ಜೋಡಿದಾರನ ಕೈಗೆ ಕೊಟ್ಟು ಹೊಂಟರಂತ. ಡಬ್ಬಿ ಮನಿಗೆ ಬಂತು. ಇವರು ಬರಲಿಲ್ಲ.

ಮಗಳು ವಿನೋದಿನಿನ್ನ ಬಾಜೂ ಮನಿ ಇಂದ್ರಾಬಾಯಿ ಹಂತ್ಯಾಕ ಬಿಟ್ಟು ನಾ ಚೌಕಿಗೆ ಹೋದೆ. "ಚೆನ್ನಯನ ಖೂನಿ" ಅಂದರು. "ಬೆಳಗಾವಿಗೆ ಒಯ್ತೀವಿ" ಅಂದರು. ಇಷ್ಟ ಹೇಳಿ ನನ್ನನ್ನ ಹೊರಗ ಕಳಿಸಿದರು. ನನ್ನ ಮೊದಲಿನ ಗಂಡ ಚೆನ್ನಯ ಗೋವಾದ ಗಣಿಯಾಗ ಜ್ವರ ಬಂದು ಸತ್ತ ಅಂತ ಏಳು ವರ್ಷದ ಹಿಂದ ನಿಮಗೆಲ್ಲಾ ಹೇಳೇನಿ. ನನಗ ಗೊತ್ತಿದ್ದದ್ದು ಅಷ್ಟ. ಈಗೂ ಅಷ್ಟ.

ನೀ ವಕೀಲರ ಕೈಯಾಗ ಕಾರಕೂನ ಇದ್ದೀ. ಇವರಿಗೆ ಏನಾಗತೈತಿ, ನೋಡಿ ಬರಿ. ಇನ್ನೊಂದು ಮಾತು. ಇಲ್ಲಿ ಇವರ ಹೆಸರು ಹತ್ತು ಮಂದಿಗೆ ಗೊತ್ತಿಲ್ಲ. ನಮ್ಮ ವಿಳಾಸ ನಿನ್ನ ಹಂತ್ಯಾಕ ಬಿಟ್ರ ಯಾರ ಹತ್ರಾನೂ ಇಲ್ಲ. ಅವರಿಗೆ ಹ್ಯಾಂಗ ಸಿಕ್ತು?

ಸೋಮವಾರ ಮಧ್ಯಾನ ನಾ ಘಾಟ್ಕೋಪರಕ್ಕ ಖಾನಾವಳಿ ಕೆಲಸಕ್ಕ ಹೋದಾಗ ಯಾರೋ ಚಾಳಿಗೆ ಬಂದಿದ್ದನಂತ. ಇಂದ್ರಾಬಾಯಿ ನೋಡ್ಯಾಳ. ನಮ್ಮ ಹೊಸ್ತಿಲದ ಹೊರಗ ನಿಂತು, "ಇದು ಈ ಕಡೀನೋ ಆ ಕಡೀನೋ?" ಅಂತ ಕೇಳಿದನಂತ. ರೇಲ್ವೆ ಹಳಿ ಯಾವ ಕಡಿ ಅಂತ ಕೇಳ್ತಾನ ಅನಕೊಂಡು ಆಕಿ "ಈ ಕಡಿ" ಅಂದಾಳ. ಅಂವ ಗೋಣು ಹಾಕಿ ಹೋದನಂತ. ಅವತ್ತ ಮುಂಜಾನಿಂದ ಮಳಿ ಬಿಟ್ಟಿರಲಿಲ್ಲ. ಅವನ ಅರಿವಿ ಮಾತ್ರ ಒಣಗಿದ್ದವು ಅಂತ ಇಂದ್ರಾಬಾಯಿ ಎರಡು ಸರ್ತಿ ಹೇಳಿದಳು. ಪೊಲೀಸರವನ ಇರಬೇಕು.

ರುದ್ರವ್ವ

*

ಬೆಳಗಾವಿ
೨೮ ಜೂನ್ ೧೯೬೯

ತಂಗಿ ರುದ್ರವ್ವಗ ಆಶೀರ್ವಾದ.

ಪತ್ರ ಮುಟ್ಟಿತು. ಮುರಿಗೆಪ್ಪ ಇಲ್ಲೇ ಜೈಲಿನಾಗ ಇದ್ದಾನ, ಆರಾಮ ಇದ್ದಾನ. ಅವನ ಕೇಸು ನಮ್ಮ ವಕೀಲರು ಹಿಡದಾರ. ಆ ಚಿಂತಿ ಬ್ಯಾಡ.

ನಡದದ್ದು ಹೇಳ್ತೀನಿ. ಹೋದ ಮಾರ್ಚಿನಾಗ ಘಟ್ಟದ ಮ್ಯಾಲ, ನಮ್ಮ ಮೈಸೂರು ರಾಜ್ಯ ಮುಗದು ಗೋವಾ ಸುರು ಆಗೂ ಜಾಗಾದಾಗ, ಕಟಗಿ ಕಡಿಯವರಿಗೆ ಒಂದು ಕಲ್ಲಿನ ಗುಂಪಿ ಕೆಳಗ ಮನುಷ್ಯಾನ ಎಲುಬು ಸಿಕ್ಕಾವ. ಎಲುಬಿನ ಜೋಡಿ ಲಿಂಗದ ಬೆಳ್ಳಿ ಕರಡಿಗಿ. ಅದು ಚೆನ್ನಯನ ಕೊರಳಾಗಿಂದು. ತೆಲಿ ಬುರುಡಿ ಹಿಂದಿನ ಮಗ್ಗಲ ಒಡದೈತಿ. ಅಂದ್ರ ಜ್ವರ ಬಂದು ಸತ್ತವನಲ್ಲ, ಗಣಿ ಮುಟ್ಟಿದವನೂ ಅಲ್ಲ.

ಈಗ ನಾ ಹೇಳೂದನ್ನ ಎರಡು ಸರ್ತಿ ಓದು. ಅಲ್ಲಿ ಪೋರ್ಚುಗೀಸರ ಕಾಲದ ಗಡಿಕಲ್ಲು ಒಂದು ಐತಿ. ಎಲುಬು ಸಿಕ್ಕದ್ದು ಆ ಕಲ್ಲಿನ ಆ ಕಡಿ, ಹತ್ತು ಮಾರು ದೂರ, ಗೋವಾದ ನೆಲದಾಗ. ನೀವು ಗಣಿಗಂತ ಹೋಗಿದ್ದು ೬೨ರ ಫೆಬ್ರವರಿ. ಗೋವಾ ನಮ್ಮ ದೇಶಕ್ಕ ಸೇರಿ ಎರಡು ತಿಂಗಳಾಗಿತ್ತು. ಆದರ ಅಲ್ಲಿ ಕಾಯದೆ ಇನ್ನೂ ಪೋರ್ಚುಗೀಸರದ ನಡದಿತ್ತು. ನಮ್ಮ ಕಾಯದೆ ಅಲ್ಲಿಗೆ ಹೋಗಿದ್ದು ಆಮ್ಯಾಲ. ಅವರ ಕಾಯದೆದಾಗ ಗಲ್ಲು ಇಲ್ಲ. ನೂರು ವರ್ಷದ ಹಿಂದನ ತಗದು ಒಗದಾರಂತ. ನಮ್ಮದರಾಗ ಐತಿ. ಒಂದ ದೇಶ, ಒಂದ ಧ್ವಜ. ಅವತ್ತ ಕಲ್ಲಿನ ಈ ಕಡಿ ಹೊಡದಿದ್ರ ಗಲ್ಲು, ಆ ಕಡಿ ಹೊಡದಿದ್ರ ಜೈಲು. ವಕೀಲರು ಇದನ್ನ ಹೇಳಿದಾಗ ನನಗೂ ಲಗೂನ ತಿಳೀಲಿಲ್ಲ.

ಅದಕ್ಕ ಕೇಳ್ತೀನಿ. ಆ ದಿನ ನೀ ಅಲ್ಲಿ ಇದ್ದೆಯೇನು? ಇನ್ನೊಂದು ಸಂಶೇ ಐತಿ. ಎಲುಬಿನ ಮ್ಯಾಲ ಕಲ್ಲು ಜ್ವಾಕಿಲೆ ಒಟ್ಟಿದ್ದರು. ಹೊಡದು ಓಡಿ ಹೋಗಾವ ಹಂಗ ಕಲ್ಲು ಒಟ್ಟೂದಿಲ್ಲ.

ವಿಳಾಸದ ಮಾತು ಕೇಳಿದಿ. ಪೊಲೀಸರಿಗೆ ನೂರು ದಾರಿ ಇರತಾವ. ಅದನ್ನ ತೆಲ್ಯಾಗ ಇಟಗೋಬ್ಯಾಡ.

ಅಣವೀರಪ್ಪ

*

ಭಾಂಡುಪ್
೯ ಜುಲೈ ೧೯೬೯

ಅಣ್ಣಾ,

ನಾ ಅಲ್ಲಿ ಇರಲಿಲ್ಲ. ಅವರಿಬ್ಬರು ಮುಂದ ನಡದಿದ್ದರು, ನಾ ಹೆಂಗಸರ ಗುಂಪಿನಾಗ ಹಿಂದಿದ್ದೆ. ಕಲ್ಲು ಗಿಲ್ಲು ಏನೂ ನೋಡಿಲ್ಲ.

ಹೇಳಬಾರದು ಅಂತ ಮಾಡಿದ್ದೆ, ಆದರೂ ಬರೀತೀನಿ. ಖಾನಾವಳಿ ನಡಸೂ ದಾನವ್ವ ನಿನಗ ಗೊತ್ತಿಲ್ಲ, ವಿಜಾಪೂರದ ಕಡೆಯಾಕಿ, ಇಲ್ಲದ್ದು ಆಡಾಕಿ ಅಲ್ಲ. ಆಕಿ ಅಡಗಿ ಮನಿಗೆ ಬಂದು, "ನಿಮ್ಮ ಊರಾವ ಒಬ್ಬ ಬಂದಾನ, ಎಲಿ ಮುಂದ ಕುಂತಾನ, ಕೈ ಹಚ್ಚವಲ್ಲ, ನೋಡಬಾ" ಅಂದಳು. ನಾ ಹಂಚಿನ ಮ್ಯಾಲಿನ ರೊಟ್ಟಿ ತಗದು ಹೋಗೂದರಾಗ ಎಲಿ ಮುಂದ ಯಾರೂ ಇರಲಿಲ್ಲ. ಬಾಗಲಾ ಒಂದ, ಬಾಗಲದಾಗ ದಾನವ್ವ ನಿಂತಿದ್ದಳು. ಎಲಿಯಾಗ ರೊಟ್ಟಿ, ಪಲ್ಲೆ ಹಾಕಿದ್ದು ಹಾಕಿದ್ಹಂಗ. ಆ ಪಲ್ಲೆ ಆಗಲೇ ಹಳಸಿ ವಾಸನಿ ಹೊಡೀತಿತ್ತು. ಅದ ಪಾತೇಲಿಯಾಗಿಂದು ಉಳದವರು ಉಣ್ಣಾಕ ಹತ್ತಿದ್ದರು, ಅವರ ಎಲಿಯಾಗ ಏನೂ ಆಗಿರಲಿಲ್ಲ.

"ಏನಂದ?" ಅಂತ ದಾನವ್ವನ ಕೇಳಿದೆ. "ಇದು ಈ ಕಡೀನೋ ಆ ಕಡೀನೋ ಅಂದ. ನಾ ಹೇಳೂದರಾಗ ಸುಮ್ಮನಾದ" ಅಂದಳು.

ಇವರಿಗೆ ಒಂದು ಕಂಬಳಿ ಕೊಡು. ಮಳ್ಯಾಗ ಇವರಿಗೆ ಕೆಮ್ಮು ಬರತೈತಿ.

ರುದ್ರವ್ವ

*

ಬೆಳಗಾವಿ
೨೧ ಜುಲೈ ೧೯೬೯

ತಂಗೀ,

ಕಂಬಳಿ ಕೊಟ್ಟೇನಿ.

ಮುರಿಗೆಪ್ಪ ವಕೀಲರ ಮುಂದ ಬಾಯಿ ಬಿಟ್ಟಾನ. "ಹೊಡದದ್ದು ನಾನ, ಹಾರಿಲೆ ಒಂದ ಏಟು" ಅಂತ ಹೇಳ್ಯಾನ. ಎಲ್ಲಿ ಹೊಡದಿ ಅಂತ ಕೇಳಿದ್ರ, "ನಾ ಕಲ್ಲು ನೋಡಲಿಲ್ಲರೀ. ಆ ಹೊತ್ತಿನಾಗ ನಾ ಆಕಿ ತೆಲಿಯಾಗಿನ ರಕ್ತಾ ನೋಡಿದೆ" ಅಂತಾನ. ಆಕಿ ಅಂದ್ರ ಯಾರು ಅಂತ ವಕೀಲರು ಕೇಳಲಿಲ್ಲ. ನಾನೂ ಕೇಳಲಿಲ್ಲ. ನೀ ಅಲ್ಲಿ ಇದ್ದಿ. ನನ್ನ ಮುಂದ ಸುಳ್ಳು ಯಾಕವ್ವಾ?

ಹಾರಿ ಸಿಕ್ಕೈತಿ. ಅದು ಕಲ್ಲಿನ ಈ ಕಡಿ, ಅರ್ಧ ಮಣ್ಣಿನಾಗ ಹುಗದಿತ್ತು. ಅದಕ್ಕ ಸರಕಾರದವರು "ಹೊಡದದ್ದು ಈ ಕಡಿ, ಕೇಸು ನಮ್ಮದು, ಗಲ್ಲು" ಅಂತಾರ. ನಮ್ಮ ವಕೀಲರು "ಎಲುಬು ಆ ಕಡಿ, ಕೇಸು ಗೋವಾದ್ದು" ಅಂತಾರ. ಎರಡರ ನಡಕ ಕಣ್ಣಾರೆ ನೋಡಿದವರು ಒಬ್ಬರು ಬೇಕು. ನಿನ್ನ ಬಿಟ್ರ ಯಾರೂ ಇಲ್ಲ. ಬಂದು ಒಂದು ಮಾತು ಹೇಳು: ಆ ಕಡಿ ಹೊಡದರು ಅಂತ. ಒಬ್ಬ ಮನುಷ್ಯಾನ ಜೀವಾ ಉಳೀತೈತಿ. ನಿನ್ನ ಮಗಳಿಗೆ ಅಪ್ಪ ಉಳೀತಾನ.

ಅಲ್ಲಿಗೆ ಬರಾಂವ ಯಾರಂತ ನನಗ ಗೊತ್ತಾತು. ಚೆನ್ನಯನ ತಮ್ಮ ಸಂಗಪ್ಪ, ನಡಿಗಿ ಮಾರಿ ಎಲ್ಲಾ ಅಣ್ಣಂದ. ನಿನ್ನ ಹೆದರಸಾಕ ಬಂದಿರಬೇಕು. ಬಾಗಲಾ ಹಾಕ್ಕೊಂಡಿರು.

ಅಣವೀರಪ್ಪ

*

ಬೆಳಗಾವಿ
೩೦ ಸಪ್ಟೆಂಬರ ೧೯೬೯

ತಂಗಿ ರುದ್ರವ್ವಗ,

ಮೂರು ಪತ್ರ ಹಾಕಿದೆ. ಒಂದಕ್ಕೂ ಉತ್ತರ ಇಲ್ಲ. ಮುರಿಗೆಪ್ಪ ವಾರಕ್ಕೊಮ್ಮೆ ಕೇಳ್ತಾನ, ನಾ "ಬಂದೈತಿ, ಆರಾಮ ಅದಾರ" ಅಂತ ಹೇಳಿ ಬರತೀನಿ. ಜೈಲಿನಾಗ ಸುಳ್ಳು ಹೇಳೂದು ನನಗ ರೂಢಿ ಆಗಾಕ ಹತ್ತೇತಿ.

ನಿನ್ನ ಮನಸಿನಾಗ ಏನೈತಿ ರುದ್ರವ್ವಾ? ಅಂವ ನಿನಗ ಬ್ಯಾಡ ಆಗ್ಯಾನೇನು? ನಿನ್ನ ಮುಂಬಯಿಗೆ ಒಯ್ದು ದುಡಿಸಿದ ಸಿಟ್ಟು ಐತೇನು? ಸಿಟ್ಟಿದ್ರ ಇರಲಿ. ಗಲ್ಲಿಗೆ ಹಾಕೂವಷ್ಟು ಇರಬಾರದು.

ಇಲ್ಲಂದ್ರ ಸಿಟ್ಟು ನನ್ನ ಮ್ಯಾಲ ಐತೇನು? ನಿನಗ ಗೊತ್ತಾಗಿರಬೇಕು ಅನಸತೈತಿ, ಅದಕ್ಕ ಹೇಳಿ ಬಿಡತೀನಿ. ವಿಳಾಸ ಕೊಟ್ಟಾಂವ ನಾನ. ಆ ಕರಡಿಗಿ ತಗೊಂಡು ಪೊಲೀಸರು ಪತ್ತಾರನ ಅಂಗಡಿಗೆ ಹೋಗಿದ್ದರು. ಅಂವ ತನ್ನ ಕೈಗೆಲಸ ಗುರುತು ಹಿಡದು ನನ್ನ ಹೆಸರು ಹೇಳಿದ. ನಿನ್ನ ಲಗ್ನದಾಗ ನಾನ ಮಾಡಿಸಿ ಚೆನ್ನಯನ ಕೊರಳಿಗೆ ಹಾಕಿದ್ದಲ್ಲಾ. ಕಚೇರಿಗೆ ಬಂದು ಟೇಬಲ್ ಮ್ಯಾಲ ಇಟ್ಟರು. ನನ್ನ ಬಾಯಿಲೆ "ಇದು ನಮ್ಮ ತಂಗಿ ಗಂಡಂದು" ಅಂತ ಬಂದು ಬಿಡ್ತು. "ತಂಗಿ ಎಲ್ಲಿ, ಯಾರ ಕೂಡ ಇದ್ದಾಳ?" ಅಂದರು. ಹೇಳಿದೆ. ಅವರು ಹೋದ ಮ್ಯಾಲ ನನಗ ತಿಳೀತು ನಾ ಏನು ಹೇಳಿದೆ ಅಂತ.

ಬೈಯೂದಿದ್ರ ಬೈದು ಬರಿ. ಸುಮ್ಮನ ಮಾತ್ರ ಇರಬ್ಯಾಡ.

ಅಣ್ಣ

*

(ಕಾರ್ಡು)
ಭಾಂಡುಪ್
೧೧ ಅಕ್ಟೋಬರ್ ೧೯೬೯

ಅಣ್ಣಾ, ನನಗ ನಿನ್ನ ಮ್ಯಾಲ ಸಿಟ್ಟಿಲ್ಲ. ಇವರ ಮ್ಯಾಲೂ ಇಲ್ಲ. ತಾರೀಖು ತಿಳಿಸು, ಬರತೀನಿ.

ನಿನ್ನೆ ಅಂವ ನನಗ ಸಿಕ್ಕಿದ್ದ. ಮಧ್ಯಾನ, ರೇಲ್ವೆ ಫಾಟಕದಾಗ. ಫಾಟಕ ಹಾಕಿತ್ತು. ನಾ ಈ ಮಗ್ಗಲ, ಅಂವ ಆ ಮಗ್ಗಲ. ನಡಕ ಲೋಕಲ್ ಹಾದು ಹೋತು, ಮಂದಿ ಚೀರಾಡಾಕ ಹತ್ತಿದ್ದರು. ಅಷ್ಟು ಗದ್ದಲದಾಗೂ ಅಂವ ಮೆಲ್ಲಕ ಕೇಳಿದ್ದು ನನ್ನ ಕಿವ್ಯಾಗ ಕೇಳಿತು. ಗಾಡಿ ಹೋದ ಮ್ಯಾಲ ಅಲ್ಲಿ ಒಬ್ಬ ಕಾಯಿಪಲ್ಲೆಯಾಂವ ನಿಂತಿದ್ದ. ಅಣ್ಣಾ, ಅದು ಸಂಗಪ್ಪ ಅಲ್ಲ. ಸಂಗಪ್ಪನ ಮಾರಿಗೆ ವಯಸ್ಸಾಗಿರಬೇಕಲ್ಲಾ. ಇದಕ್ಕ ಆಗಿಲ್ಲ.

ರುದ್ರವ್ವ

*

ಬೆಳಗಾವಿ
೨ ನವೆಂಬರ ೧೯೬೯

ತಂಗೀ,

ತಾರೀಖು ನವೆಂಬರ ೨೪, ಸೋಮವಾರ. ಎರಡು ದಿನ ಮೊದಲ ಬಾ.

ಸಂಗಪ್ಪನ ವಿಚಾರ ನಾ ತಪ್ಪು ತಿಳದಿದ್ದೆ. ಅಂವ ಜೂನಿನಿಂದ ಇಲ್ಲೇ ಇದ್ದಾನ. ತಾರೀಖು ಇದ್ದಾಗೊಮ್ಮೆ ಕೋರ್ಟಿನ ಕಟ್ಟೀ ಮ್ಯಾಲ ಕುಂತಿರತಾನ. ಅವನ್ನ ಮಾತಾಡಿಸಿದೆ, ಮುಂಬಯಿ ಅಂವ ನೋಡೇ ಇಲ್ಲಂತ. ಒಂದು ಕಾಲು ಬ್ಯಾರೆ ಊನ ಆಗೇತಿ. ನೀ ಖಾನಾವಳಿ ಹೊಗಿಯಾಗ ಕುಂತು ಕುಂತು ದಣದೀ. ಬ್ಯಾರೆ ಏನೂ ಅಲ್ಲ. ಹೊರಗ ಯಾರ ಮುಂದೂ ಇದನ್ನ ಆಡಬ್ಯಾಡ, ಹುಚ್ಚಿ ಸಾಕ್ಷಿ ಅಂದು ಬಿಡತಾರ.

ವಕೀಲರು ಬಾಳ ವಿಚಾರ ಮಾಡ್ಯಾರ. ಸುಳ್ಳು ಹೇಳಾಕ ನಿನಗ ಮನಸಿಲ್ಲಂದ್ರ ಸುಳ್ಳು ಬ್ಯಾಡ. ಅವರು ನಿನಗ ಒಂದ ಪ್ರಶ್ನೆ ಕೇಳ್ತಾರ: "ಚೆನ್ನಯ ಎಲ್ಲಿ ಸತ್ತ?" ನಿನಗ ಗೊತ್ತಿದ್ರ "ಆ ಕಡಿ" ಅನ್ನು. ಸರಕಾರಿ ವಕೀಲರು ಏನು ಕೇಳಿದ್ರೂ "ನೆನಪಿಲ್ಲ" ಅನ್ನು. ಏಳು ವರ್ಷದ ಮಾತು, ಯಾರೂ ನಿನ್ನ ತಪ್ಪು ಅನ್ನೂದಿಲ್ಲ. ಹೆಚ್ಚಿಗಿ ಒಂದು ಮಾತು ಆಡಿದ್ರ ನಿನ್ನನ್ನೂ ಕಟಕಟೆಗೆ ಹತ್ತಸತಾರ. ವಿನೋದಿನಿ ಯಾರ ಕೈಯಾಗ ಬೆಳೀಬೇಕು?

ಅಣ್ಣ

*

ಭಾಂಡುಪ್
೧೨ ನವೆಂಬರ್ ೧೯೬೯

ಅಣ್ಣಾ,

ಅಲ್ಲಿಗೆ ಬಂದ ಮ್ಯಾಲ ನಿನ್ನ ಮಾರಿ ನೋಡಿ ಹೇಳಾಕ ನನ್ನಿಂದ ಆಗೂದಿಲ್ಲ. ಅದಕ್ಕ ಬರೀತೀನಿ. ಇವರಿಗೂ ಇದು ಗೊತ್ತಿಲ್ಲ. ಏಳು ವರ್ಷ ಒಂದ ಖೋಲಿಯಾಗ ಇದ್ದೇವಿ, ಹೇಳಿಲ್ಲ.

ನಾವು ಮೂರ ಮಂದಿ ಇದ್ದೆವು. ಹೆಂಗಸರ ಗುಂಪು ಯಾವುದೂ ಇರಲಿಲ್ಲ. ಚೆನ್ನಯಗ ಗಣಿ ಕೆಲಸಕ್ಕ ಆಳು ಕರಕೊಂಡು ಬಾ ಅಂದಿದ್ದರು, ಮುರಿಗೆಪ್ಪ ಒಬ್ಬರ ಹೊಂಟಿದ್ದರು. ಬಸ್ಸು ಇಳದು ಮುಂಜಾನಿಂದ ಘಟ್ಟದಾಗ ನಡದಿದ್ದೆವು. ಚೆನ್ನಯ ದಾರಿಗುಂಟ ಒಂದ ಮಾತು, "ಆ ಕಡಿ ಹೋದ್ರ ನಮ್ಮದ ರಾಜ್ಯ ನೋಡ್ರಿ. ಆ ಕಡಿ ಯಾರೂ ಕೇಳಾವರಿಲ್ಲ." ನನ್ನ ನಡಿಗಿ ಹಿಂದ ಬಿದ್ರ ಹಸಿ ಬರಲಿಲೆ ಹೊಡೀತಿದ್ದ. ಅದು ನನಗ ಹೊಸಾದೇನಲ್ಲ, ನಿಮಗೂ ಗೊತ್ತಿತ್ತು. ಲಗ್ನಾದ ವರ್ಷ ನನ್ನ ಬೆನ್ನು ನೋಡಿ ನೀ ಸುಮ್ಮನ ಎದ್ದು ಹೊರಗ ಹೋಗಿದ್ದಿ.

ಹೊತ್ತು ನೆತ್ತಿಗೆ ಬಂದಾಗ ಆ ಕಲ್ಲು ಬಂತು. ನಾ ಅದರ ಮ್ಯಾಲ ಕುಂತೆ. ನೀರಿನ ತಂಬಿಗಿ ನನ್ನ ಕೈಯಾಗಿಂದ ಜಾರಿ ಬಿತ್ತು, ನೀರೆಲ್ಲಾ ಚೆಲ್ಲಿ ಹೋತು. ಅಂವ ನನ್ನ ಕೂದಲಾ ಹಿಡದು ಕೆಳಗ ಎಳದು ತೆಲಿನ್ನ ಆ ಕಲ್ಲಿಗೆ ಬಡದ. ಒಂದು ಸರ್ತಿ, ಎರಡು ಸರ್ತಿ. ಮೂರನೇದಕ್ಕ ಎತ್ತಿದಾಗ ಮುರಿಗೆಪ್ಪ ಹೊಡದರು. ಅಣ್ಣಾ, ನಾ ಕುಂತದ್ದು ಆ ಕಲ್ಲಿನ ಮ್ಯಾಲ. ನನಗ ಗೊತ್ತಿಲ್ಲದ್ದು ಯಾರಿಗೆ ಗೊತ್ತಿರತೈತಿ? ಅಂವ ಬಿದ್ದದ್ದು ಈ ಕಡಿ.

ಇಬ್ಬರೂ ಓಡಿದೆವು. ಘಟ್ಟದ ಇಳಿಜಾರಿನಾಗ ಒಂದು ಕಡಿ ನನ್ನ ಗಿಡದ ಬುಡಕ ಕುಂದ್ರಸಿ, ಲಾರಿ ಏನಾರ ಸಿಗತೈತೇನು ನೋಡಿ ಬರತೀನಿ ಅಂತ ಇವರು ಹೋದರು. ಬಿಸಲು ಅಂದ್ರ ಒಂದು ಹಕ್ಕಿ ಒದರವಲ್ದು. ಆಗ ಮ್ಯಾಲಿಂದ "ರುದ್ರೀ" ಅಂತ ಕೇಳಿತು. ಸಿಟ್ಟಿಲೆ ಕರಿಯೂ ಧ್ವನಿ ಅಲ್ಲ. ಮನ್ಯಾಗ ಕುಂತು ಚಹಾ ಕೇಳಿದ್ಹಂಗ.

ನಾ ಹೊಳ್ಳಿ ಹೋದೆ.

ಅಂವ ಎದ್ದು ಕಲ್ಲಿಗೆ ಬೆನ್ನು ಹಚ್ಚಿ ಕುಂತಿದ್ದ. ಕಣ್ಣು ನನ್ನ ಕಡಿ ಇದ್ದವು, ನನ್ನ ನೋಡತಿರಲಿಲ್ಲ. "ನೀರು" ಅಂದ. ಹಳ್ಳ ಇದ್ದದ್ದು ಆ ಕಡಿ, ಕೆಳಗ. ಚೆಲ್ಲಿದ ತಂಬಿಗಿ ಉಳ್ಳಿ ಎಲ್ಲಿ ಹೋಗಿತ್ತೋ, ಕಾಣಲಿಲ್ಲ. ಬೊಗಸ್ಯಾಗ ತಂದ್ರ ಅಲ್ಲಿ ಮುಟ್ಟೂದರಾಗ ಸೋರಿ ಹೋಗತಿತ್ತು. ಅದಕ್ಕ ಅವನ ರಟ್ಟಿ ಹಿಡದು ಎಳಕೊಂಡು ಹೋದೆ. ಹತ್ತ ಮಾರು ಅಂತ ನೀ ಬರದಿ. ಅವತ್ತ ಅದು ಹತ್ತ ಮಾರು ಅನಸಲಿಲ್ಲ. ನೀರು ಕುಡಿಸಿದೆ. ಆಮ್ಯಾಲ ಅಂವ ಸಾವಕಾಶ ಕೇಳಿದ, "ಇದು ಈ ಕಡೀನೋ ಆ ಕಡೀನೋ?"

ಅವಗ ತಾ ಎಲ್ಲಿದ್ದಾನ ಅನ್ನೂದು ಬೇಕಾಗಿತ್ತು, ಅಷ್ಟ. ಮುಂಜಾನಿಂದ ಆ ಕಡಿ ಆ ಕಡಿ ಅಂತಿದ್ದ, ಬಂದು ಮುಟ್ಟಿದ್ದ. ನಾ ಒಂದು ಮಾತು ಹೇಳಬೇಕಾಗಿತ್ತು. ನನ್ನ ತೆಲಿಯಿಂದ ರಕ್ತಾ ಇನ್ನೂ ಸುರೀತಿತ್ತು. ನಾ ಹೇಳಲಿಲ್ಲ. ಇನ್ನೊಂದು ಸರ್ತಿ ಕೇಳಿದ. ಸುಮ್ಮನ ಕುಂತೆ. ಮೂರನೇ ಸರ್ತಿ ತುಟಿ ಅಲಗಿದವು, ಧ್ವನಿ ಬರಲಿಲ್ಲ.

ಕಲ್ಲು ಒಟ್ಟಿದವಳು ನಾನ. ಇವರು ಬರೂದರಾಗ ಹೋಗಿ ಗಿಡದ ಬುಡಕ ಕುಂತೆ.

ಸಾಕ್ಷಿ ಹೇಳು ಅಂತ ನೀ ಅಂತಿ. ಏನು ಹೇಳಲಿ?

ರುದ್ರವ್ವ

*

ಬೆಳಗಾವಿ
೨೦ ಡಿಸೆಂಬರ್ ೧೯೬೯

ರುದ್ರವ್ವಾ,

ನೀ ಸಾಕ್ಷಿ ಹೇಳಿದವಳು ಮನಿಗೆ ಬರದನ ಗಾಡಿ ಹತ್ತಿದಿ. ನಿನ್ನೆ ತೀರ್ಪು ಬಂತು. ಗಲ್ಲು. ಹೈಕೋರ್ಟು ಒಪ್ಪಿದ ಮ್ಯಾಲ ದಿನ ಗೊತ್ತು ಮಾಡತಾರ.

ನಿನ್ನ ಪತ್ರ ಓದಿ ನಾ ಎರಡು ದಿನ ಕಚೇರಿಗೆ ಹೋಗಿರಲಿಲ್ಲ. ಆದರೂ ಕೋರ್ಟಿನಾಗ ನೀ ಹಿಂಗ ಮಾಡತಿ ಅನಕೊಂಡಿರಲಿಲ್ಲ. ನಾ ಬಾಗಲದಾಗ ನಿಂತು ಎಲ್ಲಾ ಕೇಳಿದೆ. "ಎಲ್ಲಿ ಸತ್ತ?" ಅಂದರು. "ಆ ಕಡಿ" ಅಂದಿ. ಎಷ್ಟು ಗಟ್ಟಿಯಾಗಿ ಅಂದಿ ಅಂದ್ರ ಜಡ್ಜರು ಬರಿಯೂದು ಬಿಟ್ಟು ತೆಲಿ ಎತ್ತಿದರು. ನೀ ಅವರಿಗೆ ಹೇಳಿದ್ಹಂಗ ಇರಲಿಲ್ಲ. ಅವರ ಹಿಂದಿನ ಗ್ವಾಡಿ ಕಡಿ ನೋಡಿ ಹೇಳಿದಿ. ಅಲ್ಲಿಗೆ ನಿಂದರಬೇಕಾಗಿತ್ತು. ಸರಕಾರಿ ವಕೀಲರು "ಬಿದ್ದದ್ದು ಎಲ್ಲಿ?" ಅಂದರು. "ನೆನಪಿಲ್ಲ" ಅನ್ನಾಕ ನಿನಗ ನಾಲಿಗಿ ಬರಲಿಲ್ಲ. "ಬಿದ್ದದ್ದು ಈ ಕಡಿ. ಆ ಕಡಿ ಎಳಕೊಂಡು ಹೋದವಳು ನಾನು" ಅಂದಿ. ಕೇಳದ್ದನ್ನೂ ಹೇಳಿದಿ, ತೆಲಿ ಬಡದದ್ದು, ನೀರು ಕುಡಿಸಿದ್ದು, ಕಲ್ಲು ಒಟ್ಟಿದ್ದು. ನಿನ್ನ ಮ್ಯಾಲ ಕೇಸು ಹಾಕಲಿಲ್ಲ, ಅದೊಂದು ಪುಣ್ಯಾ.

ನೀ ಆಗ ಮುರಿಗೆಪ್ಪನ ಕಡಿ ನೋಡಲಿಲ್ಲ. ನಾ ನೋಡಿದೆ. ತೀರ್ಪಿನ ದಿವಸ ಗಲ್ಲು ಅಂದಾಗೂ ಅವನ ಮಾರಿ ಹಂಗ ಆಗಲಿಲ್ಲ. ಕಟಕಟೆಯ ಕಟಗಿ ಹಿಡಕೊಂಡು, ಯಾರಿಗೂ ಕೇಳದ್ಹಂಗ, "ಹೊಳ್ಳಿ ಹೋಗಿದ್ದ್ಯಾ?" ಅಂದ. ನೀ ಆಗಲೇ ಇಳದು ಹೊಂಟಿದ್ದಿ.

ಹತ್ತು ಮಾರು, ರುದ್ರವ್ವಾ. ನಿನಗ ಅವನ್ನ ಉಳಸಾಕ ಹತ್ತು ಮಾರು ಸಾಕಾಗಿತ್ತು.

ಅಣವೀರಪ್ಪ

*

ಭಾಂಡುಪ್
೧೪ ಜನವರಿ ೧೯೭೦

ಅಣ್ಣಾ,

ನೀ ಬರದದ್ದು ಖರೇ ಐತಿ.

ಒಂದು ಕೆಲಸ ಮಾಡು. ಲಗೂನ ಜೈಲಿಗೆ ಹೋಗಿ ಇವರನ್ನ ನೋಡಿ ಬಾ. ಕೋರ್ಟಿನಿಂದ ಬಂದ ಮ್ಯಾಲ ಒಂದೂವರೆ ತಿಂಗಳು ಅಂವ ಬರಲಿಲ್ಲ. ಕೇಳಿದ್ದಕ್ಕ ಉತ್ತರ ಸಿಕ್ತು, ಹೋದ ಅನಕೊಂಡಿದ್ದೆ. ಮೊನ್ನೆ ನಾ ನೀರಿಗೆ ಪಾಳಿ ಹಚ್ಚಿ ಬರೂದರಾಗ ಇಂದ್ರಾಬಾಯಿ ನಮ್ಮ ಬಾಗಲದಾಗ ನಿಂತಿದ್ದಳು. "ಆ ಮನುಷ್ಯಾ ಬಂದಿದ್ದ. ಈ ಸರ್ತಿ ಕಡಿ ಗಿಡಿ ಏನೂ ಕೇಳಲಿಲ್ಲ" ಅಂದಳು.

"ಮತ್ತ?"

"ಮುರಿಗೆಪ್ಪ ಅದಾನೇನು ಅಂದ. ಇಲ್ಲ, ಬೆಳಗಾವಿ ಜೈಲಿನಾಗ ಅದಾರ ಅಂದೆ. ಹಂಗಾದ್ರ ಅಲ್ಲಿಗೇ ಹೋಗತೀನಿ ಅಂದ."

ರುದ್ರವ್ವ

*

ಬೆಳಗಾವಿ
೮ ಫೆಬ್ರವರಿ ೧೯೭೦

ತಂಗೀ,

ಹೋಗಿ ಬಂದೆ. ಮುರಿಗೆಪ್ಪ ಗಟ್ಟಿ ಇದ್ದಾನ. ಗಲ್ಲಿನವರನ್ನ ಬ್ಯಾರೆ ಖೋಲಿಯಾಗ ಒಬ್ಬೊಬ್ಬರನ್ನ ಇಡತಾರ. ಕೆಮ್ಮು ಕಡಿಮಿ ಆಗೇತಿ.

ಮುಚ್ಚಿಟ್ಟ ಮಾತಿನಿಂದ ನಾವು ಇಬ್ಬರೂ ಉಂಡದ್ದು ಸಾಕು, ಅದಕ್ಕ ಇದನ್ನೂ ಹೇಳ್ತೀನಿ. ಅಲ್ಲಿಯ ಕಾವಲಿನವನು ನನಗ ಪರಿಚಯದಾಂವ. ಜನವರಿ ನಡುವಿನಿಂದ ಮುರಿಗೆಪ್ಪ ಕಂಬಳಿ ಅರ್ಧ ಹಾಸಿ ಅರ್ಧ ಬಿಟ್ಟು ಗ್ವಾಡಿಗೆ ಸರದು ಕೂಡತಾನಂತ. ಬಾಜೂಕ ಯಾರಿಗೋ ಜಾಗಾ ಬಿಟ್ಟವರಂಗ. ಅಂವ ಇಲ್ಲಿಗೆ ಬರತಾನ ಅಂತ ನೀ ಬರದ ಮಾತು ಮುರಿಗೆಪ್ಪಗ ನಾ ಹೇಳಿರಲಿಲ್ಲ, ಯಾರೂ ಹೇಳಿಲ್ಲ. ಗಲ್ಲಿನ ಕೈದಿಗಳು ಹಂಗ ಮಾಡತಾರ ಅಂತ ಕಾವಲಿನಾಂವ ಅಂದ. ಹಂಗ ಇರಬೇಕು.

ಕಂಬಳಿ ಮ್ಯಾಲ ಅವನ ಬಾಜೂಕ ನಾ ಕುಂದರಲಿಲ್ಲ. ನಿಂತ ಮಾತಾಡಿ ಬಂದೆ.

ಅಣ್ಣ

*

ಬೆಳಗಾವಿ
೬ ಮೇ ೧೯೭೦

ತಂಗಿ ರುದ್ರವ್ವಗ,

ಗಲ್ಲು ಹೋತು. ಬೆಂಗಳೂರು ಹೈಕೋರ್ಟಿನಿಂದ ವಕೀಲರಿಗೆ ನಿನ್ನೆ ತಾರ ಬಂತು. ಜೀವಾವಧಿ ಮಾಡ್ಯಾರ. ಹದಿನಾಕು ವರ್ಷ ಅಂತಾರ, ಚಲೋ ನಡದ್ರ ಇನ್ನೂ ಕಡಿಮಿ ಆಗಬಹುದು.

ತೀರ್ಪಿನ ಕಾಗದಾ ಇವತ್ತ ಓದಿದೆ. ಆ ಕಡಿ ಸತ್ತ ಅನ್ನೂದರಿಂದ ಏನೂ ಆಗಲಿಲ್ಲ. ಹೊಡದದ್ದು ಈ ಕಡಿ, ಅದಕ್ಕ ಈ ಕಡೀ ಕಾಯದೇನ ಅಂದಾರ. ಉಳಸಿದ್ದು ನೀ ಕೇಳದ ಹೇಳಿದ ಮಾತು. ಎರಡು ಸರ್ತಿ ಆಕಿ ತೆಲಿ ಕಲ್ಲಿಗೆ ಬಡದಿದ್ದ, ಮೂರನೇದಕ್ಕ ಎತ್ತಿದ್ದ, ಆಗ ಹೊಡದದ್ದು ಒಂದ ಏಟು ಅಂತ ಬರದಾರ. ತನ್ನ ಮನಿಯವನಿಗೆ ಕೇಡಾಗೂ ಮಾತನ್ನೂ ಮುಚ್ಚದ ಹೇಳಿದ ಹೆಂಗಸು, ಈ ಮಾತಿನಾಗ ಆಕಿನ್ನ ನಂಬಬೇಕು ಅಂತ ಬರದಾರ. ನಾ ಹೇಳಿದ್ಹಂಗ ನೀ "ನೆನಪಿಲ್ಲ" ಅಂದಿದ್ರ ಆ ಮಾತೂ ಅವರ ಮುಂದ ಇರತಿರಲಿಲ್ಲ. ಡಿಸೆಂಬರದಾಗ ನಾ ಬರದ ಪತ್ರ ಹರದು ಒಗದು ಬಿಡವ್ವಾ.

ವಕೀಲರು ಇನ್ನೂ ಗೊಣಗತಾರ. ಆ ಕಲ್ಲು ಹತ್ತು ಮಾರು ಇತ್ತಲಾಗಿದ್ರ ಈ ಐದು ತಿಂಗಳು ಅಂವ ಆ ಖೋಲಿ ನೋಡತಿರಲಿಲ್ಲ ಅಂತಾರ.

ಶಾಲಿ ಸೂಟಿ ಬಿಟ್ಟಾಗ ವಿನೋದಿನಿನ್ನ ಕರಕೊಂಡು ಬಾ. ಮುರಿಗೆಪ್ಪ ನಿನ್ನ ಒಮ್ಮೆ ನೋಡಬೇಕು ಅಂದಾನ. ಇಷ್ಟು ದಿನಾ ಬ್ಯಾಡ ಅಂತಿದ್ದ.

ಅಣ್ಣ

*

ಭಾಂಡುಪ್
೭ ಜೂನ್ ೧೯೭೦

ಅಣ್ಣಗ ತಂಗಿಯ ಶರಣು.

ಸುಖವಾಗಿ ಬಂದು ಮುಟ್ಟಿದೆವು. ನೀ ಕೊಟ್ಟ ಪುಸ್ತಕ ತಗೊಂಡು ವಿನೋದಿನಿ ಕನ್ನಡ ಅಕ್ಷರಾ ತಿದ್ದಾಕ ಕುಂತಾಳ. "ಮಾಮಾನ ಅಕ್ಷರ ಗೋಲ್ ಗೋಲ್ ಐತಿ" ಅಂತಾಳ.

ಜೈಲಿನಿಂದ ಬರೂಮುಂದ ಬಸ್ಸಿನಾಗ ನೀ ಕೇಳಿದಿ, "ಏನಂದ?" ಅಂತ. ನನಗ ಹೇಳಾಕ ಬರಲಿಲ್ಲ. ನೀ ತಪ್ಪು ತಿಳಕೊಂಡು, "ಇನ್ನೂ ಸಿಟ್ಟಿನಾಗ ಇದ್ದಾನೇನು?" ಅಂದಿ. ಸಿಟ್ಟು ಅಲ್ಲ ಅಣ್ಣಾ.

ಇವರು ಬಾಳ ತೆಳ್ಳಗ ಆಗ್ಯಾರ. ಜಾಳಗಿಯ ಆ ಮಗ್ಗಲ ಬಂದು ಕುಂತರು. ಮೊದಲ ವಿನೋದಿನಿನ್ನ ಮಾತಾಡಿಸಿದರು, ಎಷ್ಟನೇ ಇಯತ್ತೆ, ಪಾಸಾದ್ಯಾ ಅಂತ. ಆಮ್ಯಾಲ ಆಕಿನ್ನ ನಿನ್ನ ಹಂತ್ಯಾಕ ಹೊರಗ ಕಳಿಸು ಅಂದರು. ಆಕಿ ಹೋಗೂತನಾ ಬಾಗಲದ ಕಡಿ ನೋಡಿದರು.

"ಅಂವ ಇಲ್ಲಿಗೂ ಬಂದಿದ್ದ" ಅಂದರು.

ಯಾರು ಅಂತ ನಾ ಕೇಳಲಿಲ್ಲ.

"ನಾಕು ತಿಂಗಳು ಇದ್ದ. ಬಾಜೂಕ ಕುಂತಿರತಿದ್ದ. ಮೊದಲ ಹೆದರಿಕಿ ಬಂತು. ಆಮ್ಯಾಲ ರೂಢಿ ಆತು."

"ಏನಂತಿದ್ದರು?" ಅಂದೆ.

"ಏನೂ ಇಲ್ಲ. ನಾ ಮಾತಾಡಿಸಿದ್ರೂ ಇಲ್ಲ. ಗಲ್ಲು ಹೋತು ಅಂತ ಜೇಲರ ಸಾಹೇಬರು ಬಂದು ಹೇಳಿದರಲ್ಲ, ಅವರು ಹೋದ ಮ್ಯಾಲ ಎದ್ದು ಹೋದ. ಸಿಟ್ಟಿನಾಗ ಹೋದ್ನೋ, ಸಮಾಧಾನದಾಗ ಹೋದ್ನೋ, ನನಗ ತಿಳೀಲಿಲ್ಲ."

ಕಾವಲಿನವನು ಹೊತ್ತಾತು ಅಂದ. ಇನ್ನೂ ಐದು ನಿಮಿಷ ಐತಿ ಅಂತ ಇವರು ಅಂದರು. ಆ ಐದು ನಿಮಿಷದಾಗ ನಾಕು ನಿಮಿಷ ಸುಮ್ಮನ ಕುಂತರು. ಏಳು ವರ್ಷ ನಾ ಇವರ ಕೂಡ ಹಂಗ ಸುಮ್ಮನ ಕುಂತೇನಿ, ಇಬ್ಬರ ನಡಕ ಒಂದ ಮಾತು ಇಟಗೊಂಡು. ನಾ ಒಂದು ಅರ್ಧಾ ಹಿಡದಿದ್ದೆ, ಇವರು ಒಂದು ಅರ್ಧಾ. ಕೊಂದು ಓಡಿ ಬಂದೆ ಅಂತ ಇವರು. ಸಾಯೂತನಾ ಕುಂತು ಬಂದೆ ಅಂತ ನಾ.

ಕಡೀಕ ಜಾಳಗಿಗೆ ಮಾರಿ ತಂದು ಕೇಳಿದರು:

"ಅವತ್ತ ನೀರು ಕುಡದನೇನು?"

"ಕುಡದ್ರು. ಎರಡು ಬೊಗಸಿ."

"ಪೂರ್ತಿ?"

"ಪೂರ್ತಿ."

ಇವರು ಕಣ್ಣು ಮುಚ್ಚಿದರು. ಅತ್ತರೇನು ಅಂತ ನೋಡಿದೆ, ಇಲ್ಲ. "ಬಿಸಲು ಬಾಳ ಇತ್ತು" ಅಂದರು. ಆಮ್ಯಾಲ ಎದ್ದು, ಕಾವಲಿನವನು ಕರಿಯೂದರಾಗ ತಾವ ಒಳಗ ಹೋದರು.

ರುದ್ರವ್ವ